ರೋಬೋ ನಡುವೆಯೇ ಹ್ಯಾಂಗ್ ಆಗುತ್ತದೆ, ಮೋಟರ್ ಮಾತ್ರ ನಿಲ್ಲುವುದಿಲ್ಲ. ಯಾರಾದರೂ ನೋಡಿದ್ದೀರಾ?

ಉಣಕಲ್ ಟೀಮ್ | ಭಾನುವಾರ, ರಾತ್ರಿ 11:20

ನಮಸ್ಕಾರ ರೀ ಎಲ್ಲರಿಗೂ. ನಾವು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷದವರು, ನಾಲ್ಕು ಜನರ ಟೀಮ್. ಇನ್ನು ಹದಿಮೂರು ದಿನಕ್ಕೆ ಸ್ಪರ್ಧೆ. ಮರದ ಡಬ್ಬಿ ಹಿಡಿದೆತ್ತಿ, ಇಳಿಜಾರು ಹತ್ತಿಸಿ, ಆಚೆ ಕಡೆ ಇಡಬೇಕು. ಮೂರು ನಿಮಿಷ ಟೈಮ್.

ಸಾಮಾನು ಇಷ್ಟು: ಆರ್ಡುಯಿನೋ ಉನೋ ಕ್ಲೋನ್ (ರೋಬೋ ನಡೆಸುವ ಕಂಟ್ರೋಲ್ ಬೋರ್ಡ್), ಎಚ್‌ಸಿ-05 ಬ್ಲೂಟೂತ್, ಮೊಬೈಲ್ ಆ್ಯಪ್. 12 ವೋಲ್ಟಿನ ನಾಲ್ಕು ಗೇರ್ ಮೋಟರ್, ಎಡಕ್ಕೆರಡು ಬಲಕ್ಕೆರಡು. ಮೋಟರಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡ್ ಎಲ್298ಎನ್. ಡಬ್ಬಿ ಹಿಡಿಯಲು ಎಂಜಿ996ಆರ್ ಸರ್ವೋ (ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟರ್). ಮುಂದೆ ದೂರ ಅಳೆಯಲು ಒಂದು ಅಲ್ಟ್ರಾಸಾನಿಕ್ ಸೆನ್ಸರ್. ಬ್ಯಾಟರಿ 3 ಸೆಲ್ಲಿನ ಲೈಪೋ, 2200 ಎಂಎಎಚ್.

ಒಂದೆರಡು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಮಾತೇ ಕೇಳುವುದಿಲ್ಲ. ನಿಲ್ಲು ಅಂದರೂ ನಿಲ್ಲದೆ ಹೋಗುತ್ತಿದ್ದ ಕಡೆಗೇ ಹೋಗಿ ಗುದ್ದುತ್ತದೆ. ನಿನ್ನೆ ಲ್ಯಾಬಿನ ಕುರ್ಚಿ ಕಾಲಿಗೆ ಗುದ್ದಿ ಗ್ರಿಪ್ಪರ್ ಮುರಿಯಿತು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. ಟೇಬಲ್ ಮೇಲೆ ಚಕ್ರ ಎತ್ತಿಟ್ಟು, ಲ್ಯಾಪ್‌ಟಾಪ್ ಕೇಬಲ್ ಹಾಕಿ ಓಡಿಸಿದರೆ ಅರ್ಧ ಗಂಟೆಯಾದರೂ ಏನೂ ಆಗುವುದಿಲ್ಲ! ಕೋಡ್ ಮೂರು ಸಲ ಹೊಸದಾಗಿ ಬರೆದಾಯ್ತು. ಬ್ಲೂಟೂತ್ ಬದಲಿಸಿದ್ದೂ ಆಯ್ತು.

ಗೋಕುಲ್ ರೋಡ್ ಟೆಸ್ಟಿಂಗ್ | ಭಾನುವಾರ, ರಾತ್ರಿ 11:52

ಎಲ್298ಎನ್ ಮೊದಲು ಕಿತ್ತು ಬಿಸಾಕಿ. ಒಂದು ಚಾನೆಲ್‌ಗೆ 2 ಆಂಪಿಯರ್ ಅದರ ಮಿತಿ. ಹಳೇ ಕಾಲದ ಚಿಪ್, ಎರಡು ವೋಲ್ಟಿನಷ್ಟನ್ನು ತಾನೇ ನುಂಗುತ್ತದೆ. ನೀವು ಚಾನೆಲ್‌ಗೆ ಎರಡೆರಡು ಮೋಟರ್ ಕಟ್ಟಿದ್ದೀರಿ. ಬಿಟಿಎಸ್7960 ಡ್ರೈವರ್ ಎರಡು ತಂದು ಹಾಕಿ, ಆರಾಮ ಮಲಗಿ.

ಚಿಪ್ ಅಕ್ಕ, ಧಾರವಾಡ | ಸೋಮವಾರ, ಬೆಳಗ್ಗೆ 7:15

ಡ್ರೈವರ್ ಬದಲಿಸಬೇಕಾದ್ದು ನಿಜ. ಆದರೆ ಈಗಲೇ ಅಂಗಡಿಗೆ ಓಡಬೇಡಿ. ನೀವು ಹ್ಯಾಂಗ್ ಅನ್ನುತ್ತಿರುವುದು ಮೂರು ಬೇರೆ ಬೇರೆ ಕಾಯಿಲೆ ಇರಬಹುದು. ಯಾವುದು ಅಂತ ತಿಳಿಯಲು ಒಂದು ಎಲ್‌ಇಡಿ ಸಾಕು.

ಬೋರ್ಡ್ ಮೇಲೆ 13ನೇ ಪಿನ್ನಿಗೆ ಎಲ್‌ಇಡಿ ಇದೆಯಲ್ಲ, ಕೋಡ್ ಶುರುವಾಗುವಾಗ ಅದನ್ನು ಐದು ಸಲ ಪಟಪಟ ಮಿಟುಕಿಸಿ. ಆಮೇಲೆ ಲೂಪ್ ಒಳಗೆ (ಮತ್ತೆ ಮತ್ತೆ ಓಡುವ ಕೋಡಿನಲ್ಲಿ) ಅರ್ಧ ಸೆಕೆಂಡಿಗೊಮ್ಮೆ ಆನ್-ಆಫ್ ಆಗುತ್ತಿರಲಿ. ಅದಕ್ಕೆ ಕೋಡನ್ನೇ ತಡೆದು ನಿಲ್ಲಿಸುವ ಡಿಲೇ ಬಳಸಬೇಡಿ, ಬೋರ್ಡಿನ ಗಡಿಯಾರ ಮಿಲಿಸ್ ನೋಡಿ ಬದಲಿಸಿ. ಈಗ ರೋಬೋ ಕೈಕೊಟ್ಟಾಗ ಎಲ್‌ಇಡಿ ನೋಡಿ. ಪಟಪಟ ಐದು ಸಲ ಬಂತು ಅಂದರೆ ಬೋರ್ಡ್ ರೀಸೆಟ್ ಆಗಿದೆ. ಎಲ್‌ಇಡಿ ಇದ್ದಲ್ಲೇ ನಿಂತರೆ ಚಿಪ್ಪೇ ಸ್ತಬ್ಧ. ಮಿಟುಕುತ್ತಿದೆ ಆದರೆ ನಿಧಾನ ಅಂದರೆ ಚಿಪ್ ಆರಾಮಾಗಿದೆ, ನಿಮ್ಮ ಕೋಡ್ ಎಲ್ಲೋ ಯಾರಿಗೋ ಕಾಯುತ್ತಾ ಕೂತಿದೆ.

ಇನ್ನೊಂದು ಪ್ರಶ್ನೆ. ಉನೋಗೆ 5 ವೋಲ್ಟ್ ಎಲ್ಲಿಂದ ಕೊಡುತ್ತಿದ್ದೀರಿ?

ಉಣಕಲ್ ಟೀಮ್ | ಸೋಮವಾರ, ಮಧ್ಯಾಹ್ನ 1:40

ಅಕ್ಕಾ, ಎಲ್298ಎನ್ ಬೋರ್ಡಿನ 5 ವೋಲ್ಟ್ ಔಟ್‌ಪುಟ್‌ನಿಂದ. ಸರ್ವೋಗೂ ಅಲ್ಲಿಂದಲೇ.

ಚಿಪ್ ಅಕ್ಕ, ಧಾರವಾಡ | ಸೋಮವಾರ, ಮಧ್ಯಾಹ್ನ 1:58

ಅಯ್ಯೋ. ಅಲ್ಲಿರುವುದು ಅರ್ಧ ಆಂಪಿಯರಿನ ಪುಟ್ಟ ರೆಗ್ಯುಲೇಟರ್. ಆ ಸರ್ವೋ ಬಿಗಿಯಾಗಿ ಹಿಡಿದು ನಿಂತರೆ ಅದೊಂದೇ 2 ಆಂಪಿಯರ್ ಮೇಲೆ ಎಳೆಯುತ್ತದೆ. ಆದರೂ ಎಲ್‌ಇಡಿ ಪರೀಕ್ಷೆ ಮಾಡಿ. ಊಹೆ ಬೇಡ.

ಉಣಕಲ್ ಟೀಮ್ | ಬುಧವಾರ, ರಾತ್ರಿ 10:05

ಬಿಟಿಎಸ್7960 ಎರಡು ತಂದೆವು. ದುರ್ಗದಬೈಲ್ ಕಡೆ ಮೂರು ಅಂಗಡಿ ಸುತ್ತಿದ್ದಾಯ್ತು. ಬ್ಯಾಟರಿಯ ವೋಲ್ಟನ್ನು 5ಕ್ಕೆ ಇಳಿಸಲು ಎಲ್ಎಂ2596 ಬಕ್ ಕನ್ವರ್ಟರ್ ಹಾಕಿದೆವು. ಮೋಟರ್ ಜೋರು ಬಂದಿದೆ, ಇಳಿಜಾರು ಸಲೀಸಾಗಿ ಹತ್ತುತ್ತದೆ. ಆದರೆ ಹ್ಯಾಂಗ್ ಹಾಗೇ ಇದೆ ರೀ. ಮೊದಲಿಗಿಂತ ಜಾಸ್ತಿ! ಇನ್ನೊಂದು ಹೊಸ ರಗಳೆ: ಬಲಗಡೆ ಮೋಟರ್ ವೇಗ ನಾವು ಹೇಳಿದಂತೆ ಬದಲಾಗುತ್ತಿಲ್ಲ. ಗ್ರಿಪ್ಪರ್ ಸುಮ್ನೆ ನಡುಗುತ್ತದೆ.

ಚಿಪ್ ಅಕ್ಕ, ಧಾರವಾಡ | ಬುಧವಾರ, ರಾತ್ರಿ 10:20

ಎಲ್‌ಇಡಿ?

ಉಣಕಲ್ ಟೀಮ್ | ಬುಧವಾರ, ರಾತ್ರಿ 10:31

ಇನ್ನೂ ಹಾಕಿಲ್ಲ ಅಕ್ಕಾ. ನಾಳೆ ಪಕ್ಕಾ.

ಹಾವೇರಿ ಲ್ಯಾಬ್ ಸರ್ | ಬುಧವಾರ, ರಾತ್ರಿ 10:48

ಬಲಗಡೆ ಮೋಟರಿನ ಪಿಡಬ್ಲ್ಯೂಎಂ (ಪಟಪಟ ಆನ್-ಆಫ್ ಮಾಡಿ ವೇಗ ಹಿಡಿಯುವ ಸಿಗ್ನಲ್) ತಂತಿ 9 ಮತ್ತು 10ನೇ ಪಿನ್ನಿಗೆ ಹಾಕಿದ್ದೀರಿ ಅಂತ ಹೇಳಬಲ್ಲೆ, ಪಂದ್ಯ ಬೇಕಾದರೂ ಕಟ್ಟುತ್ತೇನೆ. ಉನೋದಲ್ಲಿ ಸರ್ವೋ ಲೈಬ್ರರಿ (ಸರ್ವೋ ಓಡಿಸುವ ಸಿದ್ಧ ಕೋಡ್) ಚಿಪ್ಪಿನೊಳಗಿನ ಟೈಮರ್ 1 ಅನ್ನು ತಾನೇ ಹಿಡಿದುಕೊಳ್ಳುತ್ತದೆ. ಸರ್ವೋ ಯಾವ ಪಿನ್ನಿಗಾದರೂ ಇರಲಿ, ಆ ಟೈಮರಿಂದಲೇ ನಡೆಯುವ 9 ಮತ್ತು 10ರಲ್ಲಿ ಪಿಡಬ್ಲ್ಯೂಎಂ ಸಿಗುವುದಿಲ್ಲ. ನೀವು ಬಲವಂತವಾಗಿ ಬರೆದರೆ ಸರ್ವೋ ಲೆಕ್ಕವೂ ತಪ್ಪುತ್ತದೆ, ಅದಕ್ಕೇ ನಡುಕ. 3 ಮತ್ತು 11ಕ್ಕೆ ಬದಲಿಸಿ.

ಎಡಗಡೆ 5 ಮತ್ತು 6ರಲ್ಲಿದ್ದರೆ ಅಲ್ಲಿ ಪಿಡಬ್ಲ್ಯೂಎಂ ಸುಮಾರು 980 ಹರ್ಟ್ಸ್, 3 ಮತ್ತು 11ರಲ್ಲಿ 490. ಎಡ ಒಂದು ಸ್ವರ, ಬಲ ಇನ್ನೊಂದು ಸ್ವರದಲ್ಲಿ ಕುಂಯ್‌ಗುಟ್ಟುತ್ತದೆ. ಗಾಬರಿ ಬೀಳಬೇಡಿ.

ಉಣಕಲ್ ಟೀಮ್ | ಗುರುವಾರ, ಸಂಜೆ 6:30

ಸರ್, ಪಂದ್ಯ ನೀವೇ ಗೆದ್ದಿರಿ. 9 ಮತ್ತು 10ರಲ್ಲೇ ಇತ್ತು. ಬದಲಿಸಿದ ಮೇಲೆ ಬಲಗಡೆ ಸರಿ, ನಡುಕವೂ ಹೋಯಿತು.

ಅಕ್ಕಾ, ಎಲ್‌ಇಡಿ ಹಾಕಿದೆವು. ಐದು ಸಲ ಹ್ಯಾಂಗ್ ಆಯಿತು. ಮೂರು ಸಲ ಎಲ್‌ಇಡಿ ಇದ್ದಲ್ಲೇ ನಿಂತಿತು. ಎರಡು ಸಲ ನಿಧಾನ ಮಿಟುಕುತ್ತಿತ್ತು, ಸೆಕೆಂಡಿಗೊಮ್ಮೆ ಬದಲಾದಂತೆ. ರೀಸೆಟ್ ಒಂದು ಸಲವೂ ಇಲ್ಲ. ಇದೇನು ವಿಚಿತ್ರ?

ಚಿಪ್ ಅಕ್ಕ, ಧಾರವಾಡ | ಗುರುವಾರ, ರಾತ್ರಿ 8:10

ಎರಡು ಕಾಯಿಲೆ ಒಟ್ಟಿಗೇ ಇವೆ. ಅದಕ್ಕೇ ಒಂದು ಸರಿ ಮಾಡಿದರೂ ಗುಣ ಕಾಣುತ್ತಿಲ್ಲ.

ಸುಲಭದ್ದು ಮೊದಲು. ನಿಧಾನ ಮಿಟುಕುವುದು ಅಲ್ಟ್ರಾಸಾನಿಕ್ ಕಡೆಯಿಂದ. ಸೆನ್ಸರಿನ ಉತ್ತರ ಅಳೆಯಲು ನೀವು ಪಲ್ಸ್‌ಇನ್ ಬಳಸಿದ್ದೀರಿ, ಅಲ್ವಾ? ಅದಕ್ಕೆ ಎಷ್ಟು ಹೊತ್ತು ಕಾಯಬೇಕು ಅಂತ ಹೇಳದಿದ್ದರೆ ಪೂರ್ತಿ ಒಂದು ಸೆಕೆಂಡ್ ಕಾಯುತ್ತದೆ. ಆ ಉತ್ತರ ತರುವ ಎಕೋ ತಂತಿ ಅದುರಿ ಸಡಿಲವಾದರೆ ಪ್ರತಿ ಲೂಪಿಗೂ ಒಂದು ಸೆಕೆಂಡ್ ಹೋಯಿತು. ಅಷ್ಟರಲ್ಲಿ ನೀವು ಹತ್ತು ಸಲ ನಿಲ್ಲು ಒತ್ತಿರುತ್ತೀರಿ. ಪಲ್ಸ್‌ಇನ್ ಬ್ರಾಕೆಟ್ ಒಳಗೆ ಕೊನೆಗೆ 25000 ಮೈಕ್ರೋಸೆಕೆಂಡ್ ಅಂತ ಮಿತಿ ಹಾಕಿ, ನಾಲ್ಕು ಮೀಟರ್ ದೂರಕ್ಕೆ ಅದು ಸಾಕು. ತಂತಿಯನ್ನು ಬೆಸುಗೆ ಹಾಕಿ.

ಈಗ ದೊಡ್ಡದು. ಉನೋದ ಚಿಪ್ 16 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಆ ವೇಗಕ್ಕೆ ಸುಮಾರು 3.8 ವೋಲ್ಟಿಗಿಂತ ಮೇಲೆ ಇರಬೇಕು ಅಂತ ಅದರ ಡೇಟಾಶೀಟ್ ಹೇಳುತ್ತದೆ. ವೋಲ್ಟೇಜ್ ಬಿದ್ದಾಗ ರೀಸೆಟ್ ಮಾಡುವ ಬ್ರೌನ್‌ಔಟ್ ಕಾವಲುಗಾರನೂ ಒಳಗೇ ಇದ್ದಾನೆ. ಆದರೆ ಉನೋದಲ್ಲಿ ಅವನನ್ನು ನಿಲ್ಲಿಸಿರುವುದು 2.7 ವೋಲ್ಟ್ ಹತ್ತಿರ. ನಡುವಿನ ಜಾಗ ನೋಡಿ: 3.8ಕ್ಕೂ 2.7ಕ್ಕೂ ಮಧ್ಯೆ ವೋಲ್ಟೇಜ್ ಬಿದ್ದು ಎದ್ದರೆ ಚಿಪ್ ತಪ್ಪು ಲೆಕ್ಕ ಹಾಕಿ ಎಲ್ಲೋ ಕಳೆದುಹೋಗಬಹುದು, ಕಾವಲುಗಾರ ಮಾತ್ರ ಎಚ್ಚರವಾಗುವುದಿಲ್ಲ. ರೀಸೆಟ್ ಇಲ್ಲದೆ ಸ್ತಬ್ಧ ಅಂದರೆ ನನಗೆ ಮೊದಲ ಅನುಮಾನ ಇದರ ಮೇಲೆಯೇ.

ಮೋಟರ್ ಯಾಕೆ ನಿಲ್ಲುವುದಿಲ್ಲ ಅಂದರೆ, ಪಿಡಬ್ಲ್ಯೂಎಂ ಕೊಡುವುದು ಟೈಮರ್. ಅದು ಬೇರೆ ಯಂತ್ರ. ಕೋಡ್ ಸತ್ತರೂ ಕ್ಲಾಕ್ ಓಡುತ್ತಿದ್ದರೆ ಸಾಕು, ಕೊನೆಗೆ ಹೇಳಿದ ವೇಗವನ್ನೇ ಕೊಡುತ್ತಾ ಇರುತ್ತದೆ. ಚಾಲಕ ನಿದ್ದೆ ಹೋಗಿದ್ದಾನೆ, ಕಾಲು ಎಕ್ಸಲರೇಟರ್ ಮೇಲೇ ಇದೆ.

ಗೋಕುಲ್ ರೋಡ್ ಟೆಸ್ಟಿಂಗ್ | ಗುರುವಾರ, ರಾತ್ರಿ 8:40

ಒಪ್ಪಲು ಕಷ್ಟ ಮೇಡಂ. ಬಕ್ ಕನ್ವರ್ಟರ್ ಮೇಲೆ 3 ಆಂಪಿಯರ್ ಅಂತ ಬರೆದಿದೆ. 5ರಿಂದ 3.8ಕ್ಕೆ ಹೇಗೆ ಬೀಳುತ್ತದೆ? ಮಲ್ಟಿಮೀಟರ್ ಹಿಡಿದು ನೋಡಿದ್ದಾರಾ?

ಉಣಕಲ್ ಟೀಮ್ | ಗುರುವಾರ, ರಾತ್ರಿ 8:55

ನೋಡಿದೆವು ಸರ್. ಮೋಟರ್ ಓಡುವಾಗಲೂ 4.9 ತೋರಿಸುತ್ತಿದೆ.

ಗದಗ ರಿವೈಂಡಿಂಗ್ | ಗುರುವಾರ, ರಾತ್ರಿ 9:30

ತಮ್ಮಾ, ನಾನು ಪಂಪ್‌ಸೆಟ್ ಮೋಟರ್ ಸುತ್ತುವವನು. ಆರ್ಡುಯಿನೋ ಗೊತ್ತಿಲ್ಲ, ಮೋಟರ್ ಗೊತ್ತು. ಹೊಲದಲ್ಲಿ ಬೋರ್ ಚಾಲೂ ಮಾಡಿದಾಗ ಮನೆಯ ಬಲ್ಬ್ ಒಂದು ಕ್ಷಣ ಮಂಕಾಗುವುದನ್ನು ನೋಡಿಲ್ವಾ? ಮೀಟರ್ ಮುಳ್ಳು ಅಲ್ಲಾಡುವಷ್ಟರಲ್ಲಿ ಬಲ್ಬ್ ಮತ್ತೆ ಸರಿ ಹೋಗಿರುತ್ತದೆ. ನಿನ್ನ ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ನೋಡುತ್ತದೆ. ಅಷ್ಟರಲ್ಲಿ ಕಳ್ಳ ಬಂದು ಹೋಗಿರುತ್ತಾನೆ.

ಒಂದು ಕೆಲಸ ಮಾಡು. ಬ್ಯಾಟರಿ ಬಿಚ್ಚಿ ಒಂದು ಮೋಟರಿನ ಎರಡು ತುದಿಗೆ ಓಮ್ ಹಿಡಿ. ಶಾಫ್ಟ್ ಸ್ವಲ್ಪ ಸ್ವಲ್ಪ ತಿರುಗಿಸಿ ಎಲ್ಲಕ್ಕಿಂತ ಕಡಿಮೆ ಬರುವುದನ್ನು ಬರೆದುಕೊ. ನಿಂತ ಮೋಟರ್ ಅಂದರೆ ಬರೀ ತಾಮ್ರದ ತಂತಿ. ವೋಲ್ಟನ್ನು ಆ ಓಮಿನಿಂದ ಭಾಗಿಸಿದರೆ ಹೊರಡುವಾಗಿನ ಕರೆಂಟ್.

ಉಣಕಲ್ ಟೀಮ್ | ಗುರುವಾರ, ರಾತ್ರಿ 10:12

ಕಾಕಾ, 1.6 ಓಮ್ ಬಂತು. 12ನ್ನು ಭಾಗಿಸಿದರೆ 7.5 ಆಂಪಿಯರ್. ನಾಲ್ಕು ಮೋಟರಿಗೆ 30!! ನಾವು ಒಟ್ಟು 4 ಅಂದುಕೊಂಡಿದ್ದೆವು.

ಗದಗ ರಿವೈಂಡಿಂಗ್ | ಗುರುವಾರ, ರಾತ್ರಿ 10:25

ಅದು ಹೊರಡುವಾಗ. ಪೂರ್ತಿ ವೇಗದಲ್ಲಿ ಮುಂದೆ ಹೋಗುತ್ತಿದ್ದದ್ದನ್ನು ಒಮ್ಮೆಲೇ ಹಿಂದಕ್ಕೆ ತಿರುಗಿಸಿದರೆ ಇನ್ನೂ ಕೆಟ್ಟದ್ದು. ತಿರುಗುವ ಮೋಟರ್ ತಾನೇ ಡೈನಮೋ. ಅದರ ವೋಲ್ಟು ನಿನ್ನ ಬ್ಯಾಟರಿಯ ವೋಲ್ಟಿಗೆ ಕೂಡುತ್ತದೆ. ಆ ಕ್ಷಣ ಕರೆಂಟ್ ಹತ್ತಿರ ಹತ್ತಿರ ಎರಡರಷ್ಟಕ್ಕೆ ಹೋಗಲು ನೋಡುತ್ತದೆ. ನೀವು ಹುಡುಗರು ಮೊಬೈಲಿನಲ್ಲಿ ಮುಂದೆ-ಹಿಂದೆ ಟಕಟಕ ಒತ್ತುತ್ತೀರಿ, ಗೊತ್ತು ನನಗೆ.

ಫ್ಯೂಸ್ ಹಾಕಿದ್ದೀರಾ? ಸ್ವಿಚ್ ಯಾವುದು?

ಉಣಕಲ್ ಟೀಮ್ | ಗುರುವಾರ, ರಾತ್ರಿ 10:33

ಫ್ಯೂಸ್ ಇಲ್ಲ. ಸ್ವಿಚ್ ಸಣ್ಣ ರಾಕರ್, ಮೇಲೆ 6 ಆಂಪಿಯರ್ ಅಂತ ಇದೆ. ಹೌದು, ಬಿಸಿಯಾಗುತ್ತೆ.

ಗದಗ ರಿವೈಂಡಿಂಗ್ | ಗುರುವಾರ, ರಾತ್ರಿ 10:36

ಲೈಪೋಗೆ ಫ್ಯೂಸ್ ಇಲ್ಲದೆ ಓಡಿಸುತ್ತಿದ್ದೀರಾ! ನಾಳೆ ಆಟೋ ಎಲೆಕ್ಟ್ರಿಷಿಯನ್ ಅಂಗಡಿಗೆ ಹೋಗಿ ಕಾರಿನ 20 ಆಂಪಿಯರ್ ಬ್ಲೇಡ್ ಫ್ಯೂಸ್, ಅದರ ಹೋಲ್ಡರ್ ತನ್ನಿ. ಬ್ಯಾಟರಿಯ ಪ್ಲಸ್ ತಂತಿಗೆ, ಬ್ಯಾಟರಿ ಪಕ್ಕದಲ್ಲೇ. ಆ ಸ್ವಿಚ್ ತೆಗೆದು ದಪ್ಪದ್ದು ಹಾಕಿ. ಮೋಟರಿನ ಮುಖ್ಯ ದಾರಿಗೆ 2.5 ಎಂಎಂ ಮೆತ್ತನೆ ವೈರ್. ಇದು ಮಾಡಿದ ಮೇಲೆ ಉಳಿದ ಮಾತು.

ಚಿಪ್ ಅಕ್ಕ, ಧಾರವಾಡ | ಶುಕ್ರವಾರ, ಬೆಳಗ್ಗೆ 6:50

ಕಾಕಾ ಹೇಳಿದ್ದು ನೂರಕ್ಕೆ ನೂರು.

ಟೆಸ್ಟಿಂಗ್ ಸರ್ ಕೇಳಿದ್ದಕ್ಕೆ ಅಳೆದೇ ಉತ್ತರ ಕೊಡೋಣ. ಚಿಪ್ಪಿನ ಒಳಗೆ 1.1 ವೋಲ್ಟಿನ ಸ್ಥಿರ ರೆಫರೆನ್ಸ್ ಇದೆ. ಅದನ್ನು ಎಡಿಸಿಯಿಂದ (ವೋಲ್ಟನ್ನು ಅಂಕಿ ಮಾಡುವ ಭಾಗ) ಓದಿದರೆ ಲೆಕ್ಕ ತಿರುಗಿಸಿ ಚಿಪ್ ತನ್ನ ವೋಲ್ಟೇಜನ್ನು ತಾನೇ ಹೇಳುತ್ತದೆ. ಒಂದು ಸಲ ಓದಲು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ ಸಾಕು. ಲೂಪಿನಲ್ಲಿ ಓದುತ್ತಾ ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ನೆನಪಿಟ್ಟು ಬ್ಲೂಟೂತಿನಲ್ಲಿ ಕಳಿಸಿ. ಆ 1.1 ಒಂದೊಂದು ಚಿಪ್ಪಿನಲ್ಲಿ 1.0ರಿಂದ 1.2ರವರೆಗೆ ಇರಬಹುದು, ಹಾಗಾಗಿ ರೋಬೋ ನಿಂತಿರುವಾಗ ಮಲ್ಟಿಮೀಟರ್ ಜೊತೆ ಹೋಲಿಸಿ ಸರಿಮಾಡಿಕೊಳ್ಳಿ. ಮೊದಲು ಅರ್ಧ ವೇಗದಲ್ಲಿ ಓಡಿಸಿ. ಪೂರ್ತಿ ವೇಗದಲ್ಲಿ ಹ್ಯಾಂಗ್ ಆದರೆ ಹೇಳಲು ಅದಕ್ಕೆ ಬಾಯಿಯೇ ಇರುವುದಿಲ್ಲ.

ಉಣಕಲ್ ಟೀಮ್ | ಶುಕ್ರವಾರ, ರಾತ್ರಿ 9:15

ಅಳೆದೆವು. ನಿಂತಾಗ 4.92. ಅರ್ಧ ವೇಗದಲ್ಲಿ ಹೊರಟಾಗ 4.5. ಸರ್ವೋ ಡಬ್ಬಿ ಹಿಡಿದಾಗ 4.1. ಡಬ್ಬಿ ಹಿಡಿದುಕೊಂಡೇ ಹಿಂದಕ್ಕೆ ತಿರುಗಿಸಿದಾಗ 3.6!

ಪಕ್ಕದ ಲ್ಯಾಬಿನಲ್ಲಿ ಅರ್ಧ ಗಂಟೆ ಆಸಿಲೋಸ್ಕೋಪ್ ಸಿಕ್ಕಿತು. ಅದರಲ್ಲೂ ವೋಲ್ಟಿನ ಅದೇ ಕುಸಿತ ಕಂಡಿತು. ಬಿದ್ದು ಏಳಲು ಹತ್ತು ಮಿಲಿಸೆಕೆಂಡೂ ಇಲ್ಲ.

ಗೋಕುಲ್ ರೋಡ್ ಟೆಸ್ಟಿಂಗ್ | ಶುಕ್ರವಾರ, ರಾತ್ರಿ 9:40

ಸರಿ, ನನ್ನ ಮಾತು ವಾಪಸ್. ನಂಬರ್ ಬಂದ ಮೇಲೆ ವಾದ ಇಲ್ಲ. ಒಂದು ಕೇಳುತ್ತೇನೆ: ಬಕ್‌ನಿಂದ ಬ್ರೆಡ್‌ಬೋರ್ಡ್, ಅಲ್ಲಿಂದ ಜಂಪರ್ ತಂತಿ, ಅಲ್ಲಿಂದ ಸರ್ವೋ ಮತ್ತು ಉನೋ, ಹೀಗೆ ಇದೆಯಾ? ಆ ಕೂದಲಿನಂಥ ಜಂಪರ್‌ನಲ್ಲಿ 2 ಆಂಪಿಯರ್ ಹೋದರೆ ಅರ್ಧ ವೋಲ್ಟ್ ಅಲ್ಲೇ ಹೋಯಿತು. ಗ್ರೌಂಡ್ ಕೂಡ ಹಾಗೇ. ಡ್ರೈವರ್ ಗ್ರೌಂಡನ್ನು ಉನೋ ಮೇಲಿಂದ ಹಾಯಿಸಿದ್ದರೆ ಮೋಟರಿನ ಕರೆಂಟೂ ಆ ದಾರಿ ಹಿಡಿಯುತ್ತದೆ.

ಸರ್ವೋಗೆ ಬೇರೆಯೇ ಬಕ್ ಹಾಕಿ. ಉನೋ ಮತ್ತು ಬ್ಲೂಟೂತಿಗೆ ಇನ್ನೊಂದು. ಎಲ್ಲ ಗ್ರೌಂಡೂ ಬ್ಯಾಟರಿಯ ಮೈನಸ್ ಹತ್ತಿರ ಒಂದೇ ಜಾಗದಲ್ಲಿ ಸೇರಲಿ. ಪ್ರತಿ ಡ್ರೈವರ್ ಪಕ್ಕ 1000 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪಾಸಿಟರ್.

ಗದಗ ರಿವೈಂಡಿಂಗ್ | ಶುಕ್ರವಾರ, ರಾತ್ರಿ 10:02

ಮೋಟರಿಗೂ ಕೆಪಾಸಿಟರ್ ಬೇಕು. 104 ಅಂತ ಬರೆದ ಸೆರಾಮಿಕ್, ಒಂದು ಮೋಟರಿಗೆ ಮೂರು. ಎರಡು ತುದಿಯ ನಡುವೆ ಒಂದು, ಪ್ರತಿ ತುದಿಯಿಂದ ಮೋಟರಿನ ಮೈಗೆ ಒಂದೊಂದು. ಬ್ರಷ್ ಕಿಡಿಯ ಗಲಾಟೆ ಅಲ್ಲೇ ಮುಗಿಯುತ್ತದೆ. ಮೈಯನ್ನು ಮರಳು ಕಾಗದದಿಂದ ಉಜ್ಜದೆ ಬೆಸುಗೆ ಹಿಡಿಯುವುದಿಲ್ಲ. ಮೋಟರಿನ ಎರಡು ತಂತಿ ಜಡೆಯ ಹಾಗೆ ಹೆಣೆದುಬಿಡಿ.

ಚಿಪ್ ಅಕ್ಕ, ಧಾರವಾಡ | ಶುಕ್ರವಾರ, ರಾತ್ರಿ 10:30

ಕೋಡ್ ಕಡೆ ಮೂರು ಮಾತು. ವೇಗವನ್ನು ಒಮ್ಮೆಲೇ ಬದಲಿಸಬೇಡಿ, 0ಯಿಂದ 255ರ ವೇಗದ ಅಳತೆಯಲ್ಲಿ 5 ಮಿಲಿಸೆಕೆಂಡಿಗೆ 5 ಹೆಜ್ಜೆಯಂತೆ ಏರಿಸಿ ಇಳಿಸಿ. ಪೂರ್ತಿ ಮುಂದಿನಿಂದ ಪೂರ್ತಿ ಹಿಂದಕ್ಕೆ ಅರ್ಧ ಸೆಕೆಂಡ್ ಆಗುತ್ತದೆ, ಓಡಿಸುವವರಿಗೆ ಗೊತ್ತೂ ಆಗಲ್ಲ.

ಎರಡು, ನಿಮ್ಮ ಆ್ಯಪ್ ಗುಂಡಿ ಒತ್ತಿದಾಗ ಒಂದು ಅಕ್ಷರ, ಬಿಟ್ಟಾಗ ಒಂದು ಅಕ್ಷರ ಮಾತ್ರ ಕಳಿಸುತ್ತದೋ ನೋಡಿ. ಹಾಗಿದ್ದರೆ ಬಿಟ್ಟಾಗಿನ ಅಕ್ಷರ ದಾರಿಯಲ್ಲಿ ಕಳೆದರೆ ರೋಬೋ ಓಡುತ್ತಲೇ ಇರುತ್ತದೆ. ಒತ್ತಿ ಹಿಡಿದಷ್ಟು ಹೊತ್ತೂ ಕಳಿಸುವಂತೆ ಮಾಡಿ. 300 ಮಿಲಿಸೆಕೆಂಡ್ ಏನೂ ಬರದಿದ್ದರೆ ಮೋಟರ್ ಸೊನ್ನೆ.

ಮೂರು, ವಾಚ್‌ಡಾಗ್. ಅರ್ಧ ಸೆಕೆಂಡಿಗೆ ಇಡಿ. ಚಿಪ್ ಸ್ತಬ್ಧವಾದರೆ ಅದೇ ರೀಸೆಟ್ ಮಾಡುತ್ತದೆ.

ಗೋಕುಲ್ ರೋಡ್ ಟೆಸ್ಟಿಂಗ್ | ಶುಕ್ರವಾರ, ರಾತ್ರಿ 10:41

ವಾಚ್‌ಡಾಗ್ ಹಾಕಿದರೆ ರೋಗ ಮುಚ್ಚಿಹೋಗುತ್ತದೆ. ಹುಡುಗರು ಅಲ್ಲಿಗೇ ಕೈ ಬಿಡುತ್ತಾರೆ.

ಚಿಪ್ ಅಕ್ಕ, ಧಾರವಾಡ | ಶುಕ್ರವಾರ, ರಾತ್ರಿ 10:47

ಅದಕ್ಕೇ ಕೊನೆಗೆ ಹೇಳಿದ್ದು. ವೈರಿಂಗ್ ಸರಿಯಾಗಿ, ವಾಚ್‌ಡಾಗ್ ಇಲ್ಲದೆಯೇ ಇಪ್ಪತ್ತು ನಿಮಿಷ ಓಡಬೇಕು. ಆಮೇಲೆ ಹಾಕಿ. ಜನ ಸುತ್ತ ನಿಂತಿರುತ್ತಾರೆ, ನಾಲ್ಕೈದು ಕಿಲೋದ ಯಂತ್ರ ಹೇಳಿದ ಮಾತು ಕೇಳದೆ ಓಡಬಾರದು.

ಹಾವೇರಿ ಲ್ಯಾಬ್ ಸರ್ | ಶನಿವಾರ, ಬೆಳಗ್ಗೆ 8:00

ಓದುತ್ತಿರುವ ಬೇರೆಯವರಿಗೆ ಒಂದು ಎಚ್ಚರಿಕೆ. ಹಳೇ ಬೂಟ್‌ಲೋಡರ್ (ಆನ್ ಆದಾಗ ಮೊದಲು ಓಡುವ ಪುಟ್ಟ ಕೋಡ್) ಇರುವ ನ್ಯಾನೋ (ಉನೋದ ಚಿಕ್ಕ ತಮ್ಮ) ಕ್ಲೋನ್‌ಗಳಿಗೆ ವಾಚ್‌ಡಾಗ್ ಹಾಕಿದರೆ ಒಮ್ಮೆ ರೀಸೆಟ್ ಆದದ್ದು ಮತ್ತೆ ಮತ್ತೆ ರೀಸೆಟ್ ಆಗುತ್ತಲೇ ಇರುತ್ತದೆ. ಬೋರ್ಡ್ ಸತ್ತಿತು ಅಂತ ನಮ್ಮ ಹುಡುಗರು ಎರಡು ನ್ಯಾನೋ ಕಸಕ್ಕೆ ಹಾಕಿದ್ದರು. ಬೂಟ್‌ಲೋಡರ್ ಬದಲಿಸಿದ ಮೇಲೆ ಎರಡೂ ಬದುಕಿದವು.

ಉಣಕಲ್ ಟೀಮ್ | ಮಂಗಳವಾರ, ರಾತ್ರಿ 11:50

ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಿದೆವು. ಎರಡು ದಿನ ಹಿಡಿಯಿತು. ಊಟಕ್ಕೆ ಗಿರ್ಮಿಟ್, ಮಿರ್ಚಿ ಅಷ್ಟೇ. ಈಗ ಎಲ್ಲಕ್ಕಿಂತ ಕಡಿಮೆ ಅಂದರೆ 4.78 ವೋಲ್ಟ್, ಅದೂ ಪೂರ್ತಿ ವೇಗದಲ್ಲಿ ಡಬ್ಬಿ ಹಿಡಿದು ಹಿಂದೆ ಹೋದಾಗ. ವಾಚ್‌ಡಾಗ್ ಇಲ್ಲದೆ 25 ನಿಮಿಷ ಓಡಿತು, ಎಲ್‌ಇಡಿ ಒಮ್ಮೆಯೂ ತಾಳ ತಪ್ಪಲಿಲ್ಲ.

ಒಂದೇ ಒಂದು ಉಳಿದಿದೆ. ಇಳಿಜಾರಿನಲ್ಲಿ ಡಬ್ಬಿ ಸಿಕ್ಕಿಕೊಂಡು ಚಕ್ರ ನಿಂತಾಗ ಸ್ವಲ್ಪ ಹೊತ್ತು ಒತ್ತಿ ಹಿಡಿದೆವು. ಬಲಗಡೆ ಸತ್ತಿತು. ಎಲ್‌ಇಡಿ ಮಿಟುಕುತ್ತಿದೆ, ಎಡಗಡೆ ಓಡುತ್ತಿದೆ. ಬ್ಯಾಟರಿ ತೆಗೆದು ಹಾಕಿದರೆ ಬಲ ಮತ್ತೆ ಸರಿ.

ಹಾವೇರಿ ಲ್ಯಾಬ್ ಸರ್ | ಬುಧವಾರ, ಬೆಳಗ್ಗೆ 7:40

ಡ್ರೈವರ್ ಕಾದು ತಾನೇ ಬಂದ್ ಆಗಿದೆ. ಬಿಟಿಎಸ್7960 ಅತಿ ಬಿಸಿಯಾದರೆ ಆಫ್ ಆಗುತ್ತದೆ, ತಣ್ಣಗಾದರೂ ತಾನಾಗಿ ಆನ್ ಆಗುವುದಿಲ್ಲ. ಅದರ ಎನೇಬಲ್ ಪಿನ್ (ಡ್ರೈವರನ್ನು ಆನ್-ಆಫ್ ಮಾಡುವ ಪಿನ್) ಒಮ್ಮೆ ಕೆಳಗಿಳಿದು ಮೇಲೆ ಬರಬೇಕು. ನೀವು ಎನೇಬಲ್ ಪಿನ್‌ಗಳನ್ನು ನೇರ 5 ವೋಲ್ಟಿಗೆ ಕಟ್ಟಿದ್ದೀರಿ, ಎಲ್ಲರೂ ಹಾಗೇ ಕಟ್ಟುತ್ತಾರೆ. ಅವನ್ನು ಉನೋದ ಒಂದು ಪಿನ್ನಿಗೆ ತನ್ನಿ. ನಿಲ್ಲು ಅಂದಾಗಲೆಲ್ಲ ಒಂದು ಮಿಲಿಸೆಕೆಂಡ್ ಕೆಳಗಿಳಿಸಿ ಏರಿಸಿ. ಜೊತೆಗೆ ಆ ಪಿನ್ನಿಂದ ಗ್ರೌಂಡಿಗೆ ಒಂದು 10 ಕೆ ರೆಸಿಸ್ಟರ್ ಹಾಕಿದರೆ ಉನೋ ಎಚ್ಚರವಾಗುವ ಮೊದಲು ಮೋಟರ್ ಜಿಗಿಯುವುದಿಲ್ಲ.

ಪೆಟ್ಟಿಗೆ ಮೇಲಿನ 43 ಆಂಪಿಯರ್ ನಂಬಬೇಡಿ. ಅದು ಚಿಪ್ ತನ್ನನ್ನು ತಾನು ಕಾಪಾಡಿಕೊಳ್ಳುವ ಮಿತಿ, ಹೊತ್ತು ನಡೆಯುವ ಭಾರ ಅಲ್ಲ.

ಉಣಕಲ್ ಟೀಮ್ | ಬುಧವಾರ, ಸಂಜೆ 7:05

ಆಯ್ತು ಸರ್, ಕೆಲಸ ಮಾಡಿತು! ಶನಿವಾರ ಸ್ಪರ್ಧೆ. ಬಂದು ಹೇಳುತ್ತೇವೆ.

ಸುಮ್ನೆ ಓದುವವ | ಭಾನುವಾರ, ಬೆಳಗ್ಗೆ 9:10

ಏನಾಯ್ತು ರೀ? ಎರಡು ವಾರದಿಂದ ಧಾರಾವಾಹಿ ಹಾಗೆ ಓದುತ್ತಿದ್ದೇನೆ.

ಉಣಕಲ್ ಟೀಮ್ | ಭಾನುವಾರ, ಮಧ್ಯಾಹ್ನ 12:20

ಮೊದಲ ಸುತ್ತು ಗೆದ್ದೆವು. ಎರಡನೇ ಸುತ್ತಿನಲ್ಲಿ ಸೋತೆವು. ಹ್ಯಾಂಗ್ ಆಗಲಿಲ್ಲ ರೀ, ದೇವರಾಣೆ. ಎಲ್‌ಇಡಿ ಕೊನೆವರೆಗೂ ಮಿಟುಕುತ್ತಿತ್ತು. ಇಳಿಜಾರಿನ ನಡುವೆ ಹಿಂದಿನ ಎಡ ಚಕ್ರ ಶಾಫ್ಟ್ ಮೇಲೆ ಸುಮ್ನೆ ತಿರುಗತೊಡಗಿತು. ಚಕ್ರವನ್ನು ಶಾಫ್ಟಿಗೆ ಬಿಗಿಯುವ ಗ್ರಬ್ ಸ್ಕ್ರೂ ಸಡಿಲ.

ಗದಗ ರಿವೈಂಡಿಂಗ್ | ಭಾನುವಾರ, ಮಧ್ಯಾಹ್ನ 12:44

ತಮ್ಮಾ, ಶಾಫ್ಟಿನಲ್ಲಿ ಒಂದು ಕಡೆ ಚಪ್ಪಟೆ ಇರುತ್ತದಲ್ಲ, ಸ್ಕ್ರೂ ಅದರ ಮೇಲೆ ಕೂತಿತ್ತೋ, ದುಂಡನೆ ಕಡೆಯೋ?

ಉಣಕಲ್ ಟೀಮ್ | ಭಾನುವಾರ, ಮಧ್ಯಾಹ್ನ 12:51

ಈಗ ಬಿಚ್ಚಿ ನೋಡಿದೆ ಕಾಕಾ. ದುಂಡನೆ ಕಡೆ. ನಾಲ್ಕೂ ಚಕ್ರದಲ್ಲಿ.